ಕರೂರಾ ಕಾಡಿನಲ್ಲಿ ಅತ್ತೆ

ಎದೆಯ ಗಂಟಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಡಾಕ್ಟರು, ರಿಪೋರ್ಟ್ ಬರುವುದಕ್ಕೆ ವಾರವಾಗಬಹುದು ಎಂದರು. ಜಾಹ್ನವಿ ಸರಿ ಎಂದು ತಲೆಯಾಡಿಸಿ, ತಾನೇ ಕಾರು ಓಡಿಸಿಕೊಂಡು ಕಿಲೆಲೆಶ್ವಾ ಬಡಾವಣೆಯ ಫ್ಲ್ಯಾಟಿಗೆ ಬಂದಳು. ಯಾರಿಗೂ ಹೇಳಲಿಲ್ಲ. ಗಂಡ ಶಮಂತ್ ಟೆಲಿಕಾಂ ಕಂಪನಿಯ ಕೆಲಸದ ಮೇಲೆ ಪಕ್ಕದ ದೇಶದ ಕಂಪಾಲಾಕ್ಕೆ ಹೋಗಿದ್ದ. ಮನೆಯಲ್ಲಿದ್ದವರು ಅತ್ತೆ ಭಾನುಮತಿ ಒಬ್ಬರೇ. ಮಗನ ಮನೆ ನೋಡಲೆಂದು ಮೈಸೂರಿನಿಂದ ಈ ಪರದೇಶಕ್ಕೆ ಬಂದವರು. ಅವರಿಗೆ ಹೇಳಿದರೆ ಮರುಗಳಿಗೆಯಲ್ಲಿ ಶಮಂತನಿಗೆ ಗೊತ್ತಾಗುತ್ತದೆ, ಸಂಜೆಯೊಳಗೆ ಮೈಸೂರಿನ ನಾದಿನಿಗೂ ಗೊತ್ತಾಗುತ್ತದೆ. ರಿಪೋರ್ಟ್ ಬರಲಿ, ಆಮೇಲೆ ನೋಡೋಣ ಅಂದುಕೊಂಡಳು.

ಆದರೆ ಕೂತರೆ ಕೂರಲಾಗಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು ಒರೆಸಿಟ್ಟಳು. ಬೀರುವಿನ ಬಟ್ಟೆಗಳನ್ನು ಮಂಚದ ಮೇಲೆ ಸುರಿದುಕೊಂಡು, ಅರ್ಧ ಮಡಿಸಿ, ಬಿಟ್ಟೆದ್ದಳು. ನೀರಿನ ಯೋಜನೆಗಳ ಮೇಲೆ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಲ್ಯಾಪ್‌ಟಾಪ್ ತೆಗೆದರೆ ಅಕ್ಷರಗಳು ತಲೆಗೆ ಹತ್ತುತ್ತಿರಲಿಲ್ಲ. ರಜ ಹಾಕಿ ನಡೆಯಲು ಹೊರಟಳು. ಮೊದಲು ಹತ್ತಿರದ ಆರ್ಬೋರೇಟಮ್ ಎಂಬ ಮರಗಳ ಉದ್ಯಾನಕ್ಕೆ ಹೋದಳು. ಅಲ್ಲಿ ಎರಡು ಸುತ್ತು ಹಾಕುವುದರೊಳಗೆ ಮತ್ತೆ ಗೇಟು ಎದುರಾಗುತ್ತಿತ್ತು. ಅವಳಿಗೆ ಬೇಗ ಮುಗಿಯದ ಕಾಡು ಬೇಕಿತ್ತು. ಮಾರನೆಯ ದಿನದಿಂದ ಲಿಮುರು ರಸ್ತೆಯ ಗೇಟಿನಿಂದ ಕರೂರಾ ಕಾಡಿನೊಳಗೆ ಹೋಗತೊಡಗಿದಳು.

ಜುಲೈ ತಿಂಗಳು. ಬಿಸಿಲೇ ಇಲ್ಲ, ಚಳಿ. ನೀಲಗಿರಿ ಮರಗಳ ನಡುವೆ ಕೆಂಪು ಮಣ್ಣಿನ ದಾರಿ ಒದ್ದೆಯಾಗಿ ಉದ್ದಕ್ಕೂ ಹೋಗುತ್ತಿತ್ತು. ಜಾಹ್ನವಿ ದಾರಿ ಕವಲೊಡೆದಲ್ಲಿ ಕಂಬದ ಮೇಲಿನ ನಂಬರನ್ನೂ ನೋಡದೆ ನುಗ್ಗುತ್ತಿದ್ದಳು. ಸುಸ್ತಾದಾಗ ಫೋನ್ ತೆಗೆದು ನೋಡುವುದು, ಆಸ್ಪತ್ರೆಯ ಕರೆಯಿಲ್ಲ, ಮತ್ತೆ ನಡೆಯುವುದು. ಶಮಂತ್ ಫೋನ್ ಮಾಡಿದರೆ ದನಿ ಎಲ್ಲಿ ಒಡೆದೀತೋ ಎಂದು ಕಟ್ ಮಾಡಿ, ‘ಮೀಟಿಂಗ್’ ಎಂದು ಮೆಸೇಜು ಹಾಕುತ್ತಿದ್ದಳು.

ಮನೆಯಲ್ಲಿ ಭಾನುಮತಿ ಎಲ್ಲವನ್ನೂ ನೋಡುತ್ತಿದ್ದರು.

"ನಾಳೆಯಿಂದ ನಾನೂ ಬರ್ತೀನಿ ಕಣೆ ವಾಕಿಂಗಿಗೆ" ಅಂದರು ಒಂದು ದಿನ, ಸೊಪ್ಪು ಬಿಡಿಸುತ್ತ.

"ತುಂಬ ದೂರ ಅತ್ತೆ. ಏರು-ಇಳಿಜಾರು. ನಿಮಗಾಗಲ್ಲ."

"ಕುಕ್ಕರಹಳ್ಳಿ ಕೆರೆಗೆ ದಿನಾ ಸುತ್ತು ಹಾಕೋಳು ನಾನು. ನನಗ್ಯಾಕೆ ಆಗಲ್ಲ?"

ಬೇಡ ಅನ್ನಲು ಕಾರಣ ಸಿಗಲಿಲ್ಲ. ಮರುದಿನ ಭಾನುಮತಿ ಚೂಡಿದಾರದ ಮೇಲೆ ಮಗನ ಸ್ವೆಟರ್ ಹಾಕಿಕೊಂಡು, ಬೂಟಿನ ದಾರ ಬಿಗಿದು, ಸೊಸೆಗಿಂತ ಮೊದಲೇ ಕಾರಿನ ಹತ್ತಿರ ನಿಂತಿದ್ದರು. ಮೊಬೈಲನ್ನು ಕಾರಿನಲ್ಲೇ ಚಾರ್ಜಿಗೆ ಹಾಕಿ ಬಿಟ್ಟರು. ಕಾಡಿನಲ್ಲಿ ಅದೇಕೆ ಎಂದರು.

ಒಳಗೆ ಹೋದದ್ದೇ ಅವರು ಮರಗಳ ಮುಂದೆ ನಿಲ್ಲತೊಡಗಿದರು. ಇದು ಯಾವ ಮರ, ಆ ಕಪ್ಪು-ಬಿಳಿ ಕೋತಿಗೆ ಬಾಲ ಅಷ್ಟುದ್ದ ಯಾಕೆ, ಸೈಕಲ್ಲಿನವರಿಗೆ ಚಳಿಯಾಗಲ್ಲವೇ. ಜಾಹ್ನವಿ ಪ್ರತಿ ಪ್ರಶ್ನೆಗೂ ಒಂದೊಂದು ಮಾತಿನ ಉತ್ತರ ಕೊಟ್ಟಳು. ನಿಂತಾಗಲೆಲ್ಲ ಫೋನ್ ತೆಗೆದು ನೋಡುತ್ತಿದ್ದಳು. ಬಿದಿರಿನ ಮೆಳೆಯ ಹತ್ತಿರ ಬರುವಷ್ಟರಲ್ಲಿ ಅವಳ ತಾಳ್ಮೆ ಮುಗಿದಿತ್ತು.

"ಅತ್ತೆ, ನೀವು ಈ ಬೆಂಚಿನ ಮೇಲೆ ಕೂತಿರಿ. ನಾನು ಫಾಲ್ಸ್‌ವರೆಗೂ ಹೋಗಿ ಬಂದ್ಬಿಡ್ತೀನಿ."

"ನಾನೂ ನೋಡ್ಬೇಕಲ್ಲ ಫಾಲ್ಸು."

"ಇನ್ನೊಂದು ದಿನ ತೋರಿಸ್ತೀನಿ. ದಯವಿಟ್ಟು ಇಲ್ಲೇ ಇರಿ."

ಭಾನುಮತಿ ಅವಳ ಮುಖವನ್ನೊಮ್ಮೆ ನೋಡಿದರು. "ಹೋಗು" ಅಂದರು.

ಜಾಹ್ನವಿ ಹೋದಳು, ಓಡಿದಳೆಂದೇ ಹೇಳಬೇಕು. ಜಲಪಾತದ ಕೆಳಗೆ ನಿಂತರೂ ಅದನ್ನು ನೋಡಲಿಲ್ಲ. ನೀರಿನ ಸದ್ದಿನಲ್ಲಿ ಸ್ವಲ್ಪ ಹೊತ್ತು ಅತ್ತಳು. ಅಳು ಪೂರ್ತಿಯಾಗುವ ಮೊದಲೇ ಅಲ್ಲೂ ನಿಲ್ಲಲಾಗದೆ ಮುಖ ತೊಳೆದುಕೊಂಡು ಮೇಲೆ ಹತ್ತಿದಳು.

ಬೆಂಚಿನ ಮೇಲೆ ಅತ್ತೆ ಇರಲಿಲ್ಲ.

ಮೊದಲು ಸಿಟ್ಟು ಬಂತು. ಮೆಳೆಯ ಸುತ್ತ ನೋಡಿ, ಎರಡು ಕಡೆಯ ದಾರಿಗೂ ಸ್ವಲ್ಪ ಸ್ವಲ್ಪ ದೂರ ಹೋಗಿ ಕೂಗಿದಳು. ಉತ್ತರವಿಲ್ಲ. ನಾಯಿ ಹಿಡಿದುಕೊಂಡು ಬಂದ ದಂಪತಿಯನ್ನು ಕೇಳಿದಳು. ಸೈಕಲ್ಲಿನ ಹುಡುಗಿಯರನ್ನು ಕೇಳಿದಳು. ಯಾರೂ ನೋಡಿರಲಿಲ್ಲ. ಆಗ ಹೆದರಿಕೆ ಶುರುವಾಯಿತು. ಜಾರುವ ಇಳಿಜಾರು, ಕೆಳಗೆ ಹೊಳೆ, ಊರು ಗೊತ್ತಿಲ್ಲ, ಕೈಯಲ್ಲಿ ಫೋನಿಲ್ಲ. ಶಮಂತನಿಗೆ ಏನೆಂದು ಹೇಳುವುದು? ನಿಮ್ಮಮ್ಮ ನಿಧಾನ ನಡೀತಾರೆ ಅಂತ ಕಾಡಿನಲ್ಲಿ ಬಿಟ್ಟುಬಂದೆ ಅಂತಲೇ?

ದಾರಿಯಲ್ಲಿ ಕಾಡಿನ ಕಾವಲಿನವನೊಬ್ಬ ಸಿಕ್ಕಿದ. ಹೆಸರು ಜೋಸೆಫ್. ಅವಳು ತಡವರಿಸುತ್ತ ಹೇಳಿದ್ದನ್ನೆಲ್ಲ ಕೇಳಿ, ವಾಕಿಟಾಕಿಯಲ್ಲಿ ಸ್ವಾಹಿಲಿಯಲ್ಲಿ ಎಲ್ಲ ಗೇಟುಗಳಿಗೂ ತಿಳಿಸಿದ.

"ಪೋಲೆ, ಮಾಮಾ", ಬೇಸರ ಮಾಡ್ಕೋಬೇಡಿ ಅಮ್ಮಾ, ಎಂದು ತನ್ನ ಭಾಷೆಯಲ್ಲಿ ಸಮಾಧಾನ ಮಾಡಿದ. "ನಿಮ್ಮ ನಂಬರ್ ಕೊಡಿ. ಸಿಕ್ಕ ಕೂಡಲೇ ಫೋನ್ ಮಾಡ್ತೀನಿ. ನೀವು ಹೊಳೆ ಕಡೆ ನೋಡಿ, ನಾನು ಗುಹೆಗಳ ಕಡೆ ಹೋಗ್ತೀನಿ."

ಹೊಳೆಯ ಪಕ್ಕದ ದಾರಿಯಲ್ಲಿ ಅವಳು ಅರ್ಧ ಹೋಗಿರಬೇಕು, ಫೋನ್ ಬಡಿದುಕೊಂಡಿತು. ಜೋಸೆಫ್ ಅಂದುಕೊಂಡು ತೆಗೆದರೆ ಪರದೆಯ ಮೇಲೆ ಆಸ್ಪತ್ರೆಯ ಹೆಸರು. ಇಷ್ಟು ದಿನ ನಿದ್ದೆಯಲ್ಲೂ ಕಾದಿದ್ದ ಕರೆ. ಜಾಹ್ನವಿ ಒಂದು ಕ್ಷಣ ಅದನ್ನೇ ನೋಡಿ, ಕಟ್ ಮಾಡಿದಳು. ಜೋಸೆಫನ ಕರೆಗೆ ಲೈನು ಖಾಲಿ ಇರಬೇಕಿತ್ತು. ಮತ್ತೆ ಬಂತು. ಮತ್ತೆ ಕಟ್ ಮಾಡಿ, "ಅತ್ತೆ, ಅತ್ತೆ" ಎಂದು ಕೂಗುತ್ತ ಮುಂದೆ ಹೋದಳು.

ಜೋಸೆಫನ ಫೋನ್ ಬರುವ ಹೊತ್ತಿಗೆ ಕೂಗಿ ಕೂಗಿ ಅವಳ ದನಿ ಬಿದ್ದುಹೋಗಿತ್ತು. ಅಜ್ಜಿಯೊಬ್ಬರು ಕಿಯಾಂಬು ರಸ್ತೆ ಕಡೆಯ ಗೇಟಿನಲ್ಲಿದ್ದಾರಂತೆ, ಅವರೇ ಇರಬೇಕು ಎಂದ. ಕಾಡಿನ ಆಚೆ ತುದಿ ಅದು. ಅವನೇ ಬಂದು ಮೋಟರ್‌ಬೈಕಿನ ಹಿಂದೆ ಕೂರಿಸಿಕೊಂಡು ಕರೆದೊಯ್ದ.

ಭಾನುಮತಿ ಗೇಟಿನ ಕಾವಲುಗಾರರ ಕುರ್ಚಿಯಲ್ಲಿ ಕೂತು ಹಾಲು ಹಾಕಿದ ಚಹಾ ಕುಡಿಯುತ್ತಿದ್ದರು. ಬೂಟು ಮೊಣಕಾಲಿನವರೆಗೂ ಕೆಸರು ಹಾರಿಸಿತ್ತು. ಅಂಗೈ ತರಚಿತ್ತು. ಸೊಸೆಯನ್ನು ಕಂಡು ಲೋಟ ಕೆಳಗಿಟ್ಟರು.

"ಕೂತಿರಿ ಅಂದೆನಲ್ಲ ಅತ್ತೆ. ಯಾಕೆ ಎದ್ದು ಬಂದ್ರಿ?"

"ನಿನ್ನ ಹಿಂದೆ ಬಂದೆ."

"ಯಾಕೆ?"

ಜೋಸೆಫ್ ಬೈಕ್ ನಿಲ್ಲಿಸಲು ಆಚೆ ಹೋದ ಮೇಲೆ ಭಾನುಮತಿ ನೆಲ ನೋಡುತ್ತ ಹೇಳಿದರು. "ದಿನಾ ಬೆಳಿಗ್ಗೆ ಒಬ್ಬಳೇ ಹೊರಡ್ತೀಯ. ಹತ್ತು ಸಲ ಫೋನ್ ನೋಡ್ತೀಯ. ಗಂಡ ಮಾಡಿದ್ರೆ ಕಟ್ ಮಾಡ್ತೀಯ. ನಾನು ಬರ್ತೀನಿ ಅಂದ್ರೆ ಬೇಡ ಅಂತೀಯ. ಇವತ್ತು ಬೆಂಚಲ್ಲಿ ಕೂರಿಸಿ ಓಡಿದೆ. ಇಲ್ಲಿ ಯಾರನ್ನೋ ನೋಡೋಕೆ ಬರ್ತೀಯ ಅಂದುಕೊಂಡೆ. ಹಿಂದೆ ಬಂದೆ, ಕವಲಲ್ಲಿ ದಾರಿ ತಪ್ಪಿತು."

ಜಾಹ್ನವಿಗೆ ನಗು ಬಂದುಬಿಟ್ಟಿತು. ತಡೆದಷ್ಟೂ ಬಂತು. ಭಾನುಮತಿ ಮುಖ ಕೆಂಪಗೆ ಮಾಡಿಕೊಂಡು ಕೂತರು. ನಗುತ್ತಲೇ ಅವಳು ಅವರ ಕಾಲ ಬಳಿ ಕುಕ್ಕರಿಸಿ, ಗಂಟಿನ ವಿಷಯ, ಕಟ್ ಮಾಡಿದ ಆಸ್ಪತ್ರೆಯ ಕರೆಯ ವಿಷಯ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ನಗು ಹೋಗಿತ್ತು.

ಭಾನುಮತಿ ಅವಳ ತಲೆ ಸವರಲಿಲ್ಲ, ಅಯ್ಯೋ ಅನ್ನಲಿಲ್ಲ. "ಎಷ್ಟು ದಿನದಿಂದ?" ಎಂದು ಕೇಳಿದರು. ಆಮೇಲೆ, "ಆ ಆಸ್ಪತ್ರೆಯವರಿಗೆ ಫೋನ್ ಮಾಡು. ನನ್ನೆದುರಿಗೇ ಮಾಡು."

ಫೋನಿನಲ್ಲಿ ಡಾಕ್ಟರು ಏನನ್ನೂ ಹೇಳಲಿಲ್ಲ, ಮಧ್ಯಾಹ್ನ ಬನ್ನಿ, ಜೊತೆಗೊಬ್ಬರನ್ನು ಕರೆತನ್ನಿ ಎಂದರು. ಅಷ್ಟರಲ್ಲೇ ಇಬ್ಬರಿಗೂ ಅರ್ಥವಾಯಿತು. ಟ್ಯಾಕ್ಸಿಯಲ್ಲಿ ಕಾರು ಬಿಟ್ಟಿದ್ದ ಗೇಟಿಗೆ ಬಂದು, ಅಲ್ಲಿಂದ ನೇರ ಆಸ್ಪತ್ರೆಗೆ ಹೋದರು. ಮನೆಗೆ ಹೋಗಿ ಬಟ್ಟೆ ಬದಲಿಸುವ ಯೋಚನೆ ಯಾರಿಗೂ ಬರಲಿಲ್ಲ. ಆಸ್ಪತ್ರೆಯ ಬಿಳಿ ನೆಲದ ಮೇಲೆ ಎರಡು ಜೊತೆ ಕೆಂಪು ಹೆಜ್ಜೆಗಳಾದವು. ಗಂಟು ಕ್ಯಾನ್ಸರಿನದೇ. ಆದರೆ ಚಿಕ್ಕದು, ಬೇಗ ಸಿಕ್ಕಿದೆ, ಆಪರೇಷನ್ ಮಾಡಿ ತೆಗೆಯಬಹುದು, ಆಮೇಲೆ ಕೆಲವು ವಾರ ರೇಡಿಯೇಶನ್ ಎಂದರು ಡಾಕ್ಟರು. ಭಾನುಮತಿ ತಮ್ಮ ಇಂಗ್ಲಿಷಿನಲ್ಲಿ ನಾಲ್ಕೈದು ಪ್ರಶ್ನೆ ಕೇಳಿದರು. ಜಾಹ್ನವಿಗೆ ಕೇಳಬೇಕೆನಿಸಿ ಬಾಯಿಗೆ ಬರದಿದ್ದ ಪ್ರಶ್ನೆಗಳು ಅವು.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಭಾನುಮತಿ ಮಗನಿಗೆ ಫೋನ್ ಹಚ್ಚಿ, ಸೊಸೆಯ ಕೈಗೆ ಕೊಟ್ಟರು.

"ನೀನೇ ಹೇಳು. ನಾನು ಹೇಳೋದಲ್ಲ ಇದು."

ಅವಳು ಹೇಳಿದಳು. ಆ ಕಡೆ ಶಮಂತ್, ಸಿಗುವ ಮೊದಲ ವಿಮಾನಕ್ಕೆ ಬರ್ತೀನಿ ಅಂದ.

ವೆಸ್ಟ್‌ಲ್ಯಾಂಡ್ಸ್‌ನ ಟ್ರಾಫಿಕ್ಕಿನಲ್ಲಿ ಮಟಾಟು ವ್ಯಾನುಗಳ ನಡುವೆ ಕಾರು ಸಿಕ್ಕಿಕೊಂಡಿತು. ಜಾಹ್ನವಿಯ ಬೆರಳು ಸ್ಟೇರಿಂಗಿನ ಮೇಲೆ ಕುಣಿಯುತ್ತಲೇ ಇತ್ತು. ಚಡಪಡಿಕೆ ಹೋಗಿರಲಿಲ್ಲ. ಅದಕ್ಕೆ ಈಗ ಒಂದು ಹೆಸರು ಸಿಕ್ಕಿತ್ತು, ಅಷ್ಟೇ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು" ಅಂದರು ಭಾನುಮತಿ. "ಇಲ್ಲೆಲ್ಲೋ ದೋಸೆ ಸಿಗುತ್ತೆ ಅಂದಿದ್ದ ಶಮಂತ."

"ನನ್ನ ಮೇಲೆ ಅನುಮಾನ ಪಟ್ಟಿದ್ದಕ್ಕೆ ನೀವೇ ಕೊಡಿಸಬೇಕು."

"ಕೊಡಿಸ್ತೀನಿ. ನೀನು ಬೆಂಚಲ್ಲಿ ಕೂರಿಸಿದ್ದನ್ನೂ ನಾನು ಮರೆಯಲ್ಲ."

ಜಾಹ್ನವಿ ಇಂಡಿಕೇಟರ್ ಹಾಕಿ, ಎಡಕ್ಕೆ ದಾರಿ ಬಿಡಿಸಿಕೊಂಡಳು. ಆ ಮಧ್ಯಾಹ್ನ ಅವಳು ಎರಡು ಮಸಾಲೆ ದೋಸೆ ತಿಂದಳು, ಮೂರನೆಯದನ್ನು ಅತ್ತೆಯ ಜೊತೆ ಅರ್ಧರ್ಧ ಹಂಚಿಕೊಂಡಳು.