ಮೂರನೆಯ ಸಲ

ಮಹುಲಿ ಬಿದಿರಿನ ದಬ್ಬೆ ಹೆರೆಯುತ್ತಿದ್ದಳು. ಎದುರಿಗೆ ಸೂರ್ಪಪಾದರು ಮೊರ ಹೆಣೆಯುತ್ತಿದ್ದರು. ಒಂದು ದಬ್ಬೆ ಮುಗಿದೊಡನೆ ಅವರು ತಲೆ ಎತ್ತದೆ ಕೈ ಚಾಚುವರು, ಇವಳು ಇನ್ನೊಂದನ್ನು ಅಂಗೈಗೆ ಇಡುವಳು. ಗಂಗೆಯ ದಂಡೆಯ ಆ ಮೇದರ ಕೇರಿಯಲ್ಲಿ ಅವರಿಬ್ಬರ ಬೆಳಗು ಹೀಗೆ ಮಾತಿಲ್ಲದೆ ಏರುತ್ತಿತ್ತು.

ಒಂದು ಕಾಲಕ್ಕೆ ಸೂರ್ಪಪಾದರು ಮಹಾವಿಹಾರದ ದೊಡ್ಡ ಪಂಡಿತರು. ಒಂದು ದಿನ ಈ ದಾರಿಯಲ್ಲಿ ಹೋಗುವಾಗ ಮಹುಲಿ ಬಿದಿರು ಸೀಳುವುದನ್ನು ನೋಡುತ್ತ ನಿಂತು, ಕಾವಿ ಕಳಚಿಟ್ಟು ಅವಳ ಜಗಲಿಯಲ್ಲೇ ಕೂತುಬಿಟ್ಟರು. ವಿಹಾರದವರು ಕೆಟ್ಟುಹೋದ ಎಂದರು. ಕೇರಿಯವರು ಮಹುಲಿಯ ಗಂಡ ಎಂದರು. ಅವಳು ಮಾತ್ರ ಮೊದಲ ದಿನದಿಂದ 'ಪಂಡಿತರೇ' ಎಂದೇ ಕರೆಯುತ್ತಿದ್ದಳು, ಸ್ವಲ್ಪ ಗೇಲಿಯಲ್ಲಿ. ಬರಬರುತ್ತ ವಿಹಾರದಿಂದಲೇ ಜನ ಉಪದೇಶಕ್ಕಾಗಿ ಕದ್ದು ಬರತೊಡಗಿದರು. "ಓದಿದ್ದನ್ನೆಲ್ಲ ಮೊರಕ್ಕೆ ಹಾಕಿ ಕೇರಿದೆ ಕಣಪ್ಪಾ, ಉಳಿದದ್ದು ಇಷ್ಟು," ಎಂದು ಸೂರ್ಪಪಾದರು ಅವರಿಗೆ ಖಾಲಿ ಮೊರ ತೋರಿಸುವರು.

ಉಪದೇಶವನ್ನು ಮೂರು ಸಲ ಬೇಡಬೇಕು. ಎರಡು ಸಲ ಗುರು ಸುಮ್ಮನಿರುತ್ತಾನೆ. ಮೂರನೆಯ ಸಲ ಕಿವಿಯಲ್ಲಿ ಹೇಳುತ್ತಾನೆ. ಹೇಳಿಸಿಕೊಂಡವರನ್ನು ಸೂರ್ಪಪಾದರು ಮರುಬೆಳಿಗ್ಗೆಯೇ ಕಳಿಸಿಬಿಡುತ್ತಿದ್ದರು. "ಇನ್ನು ನನ್ನ ಹತ್ತಿರ ನಿನಗೇನು ಕೆಲಸ? ಹೋಗು." ಹೋದವರು ಯಾರೂ ತಿರುಗಿ ಬಂದದ್ದಿಲ್ಲ.

ಮಹುಲಿ ಎರಡು ಸಲ ಬೇಡಿಯಾಗಿತ್ತು. ಮೂರನೆಯದು ಎಷ್ಟೋ ಮಳೆಗಾಲದಿಂದ ಗಂಟಲಲ್ಲೇ ಇತ್ತು.

ಪಕ್ಕದ ಮನೆಯ ಧನ್ನಿ ಕಾಕಿ ಕೆಂಡಕ್ಕೆಂದು ಒಲೆಯ ಹತ್ತಿರ ಬಂದವಳು ಪಿಸುಗುಟ್ಟಿದಳು. "ಏನೇ, ಇನ್ನೂ ಕೇಳಿಲ್ವಾ? ಎಲ್ಲೆಲ್ಲಿಂದಲೋ ಬಂದು ಕೇಳ್ಕೊಂಡು ಹೋದ್ರು. ನೀನು ತುಪ್ಪದ ಗಡಿಗೆ ಪಕ್ಕ ಕೂತು ಒಣ ಅನ್ನ ತಿಂತಿದ್ದೀಯ!"

"ಕೇಳಿದ್ರೆ ಮಾರನೇ ದಿನ ನನಗೂ ಹೋಗು ಅಂತಾರೆ ಕಾಕಿ."

"ಮನೆ ನಿಂದು ಕಣೇ ಪೆದ್ದಿ! ಎಲ್ಲಿಗೆ ಕಳಿಸ್ತಾರೆ?"

"ಹಂಗಾದ್ರೆ ಅವರೇ ಹೋಗ್ತಾರೆ."

ಕಾಕಿ ಕೆಂಡ ತೆಗೆದುಕೊಂಡು ಹೋದಳು.

ಆ ಚಳಿಗಾಲ ಸೂರ್ಪಪಾದರ ಕೆಮ್ಮು ಇಳಿಯಲೇ ಇಲ್ಲ. ಒಂದು ಮಧ್ಯಾಹ್ನ ಹೆಣಿಗೆ ನಿಲ್ಲಿಸಿ ಅವರೇ ಕೇಳಿದರು. "ಮಹುಲೀ, ಏನಾದ್ರೂ ಕೇಳೋದಿತ್ತಾ?"

ಮಾತು ತುಟಿಯವರೆಗೂ ಬಂತು. ನಾಳೆ ಬೆಳಿಗ್ಗೆ ಅವರು ಕೂರುವ ಜಗಲಿಯ ಮೂಲೆ ಬರಿದಾಗಿರುವಂತೆ ಕಣ್ಣಿಗೆ ಕಟ್ಟಿತು.

"ಸಂಜೆಗೆ ಮೀನು ತರಲಾ ಅಂತ ಕೇಳೋಣ ಅಂತಿದ್ದೆ, ಪಂಡಿತರೇ."

ಅವರು ನಕ್ಕರು. "ತಾ. ಸಾಸಿವೆ ಜಾಸ್ತಿ ಅರೆದು ಹಾಕು."

ಮೀನಿನ ದೋಣಿಗಳು ಬರುವುದು ತಡವಾಯಿತು. ಅವಳು ಮೀನು ಹಿಡಿದು ಓಡೋಡಿ ಬಂದಾಗ ಅವರು ಹಾಗೇ ನೆಟ್ಟಗೆ ಕೂತಿದ್ದರು. ತೊಡೆಯ ಮೇಲೆ ಅಂಚು ಕಟ್ಟದ ಮೊರ. ಕೈ ದಬ್ಬೆಗಾಗಿ ಚಾಚಿತ್ತು.

ಮಹುಲಿ ಒಂದು ದಬ್ಬೆ ಆರಿಸಿ ಆ ಕೈಗೆ ಇಟ್ಟಳು. ಬೆರಳು ಮಡಚಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು. ಉಸಿರಿರಲಿಲ್ಲ.

ಮೀನನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಬಂದವರೆಲ್ಲ ಕೂರುತ್ತಿದ್ದ ಜಾಗದಲ್ಲಿ ಮೊಣಕಾಲೂರಿ ಕೂತಳು.

"ಗುರುಗಳೇ," ಎಂದಳು, "ನನಗೆ ಉಪದೇಶ ಕೊಡಿ."