ನಾನು ಸೋತ ಕೇಸುಗಳು

ನಮ್ಮ ಬೀದಿಯಲ್ಲಿ ನನ್ನ ಜೊತೆ ವಾದಕ್ಕೆ ನಿಂತು ಗೆದ್ದವರು ಯಾರೂ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಬೇಕಿದ್ದರೆ ಪಕ್ಕದ ಬೇಕರಿಯವನನ್ನು ಕೇಳಿ. ಪ್ಯಾಂಟು ಗಿಡ್ಡವಾಯಿತು ಎಂದು ಕಣ್ಣು ಕೆಂಪಗೆ ಮಾಡಿಕೊಂಡು ಬಂದವರು, ತಮ್ಮ ಕಾಲೇ ಸ್ವಲ್ಪ ಉದ್ದವಾಗಿರಬೇಕು ಎಂದು ಒಪ್ಪಿಕೊಂಡು ಹೋಗಿದ್ದಾರೆ. ನಾನು ಮದುವೆಯಾಗಲಿಲ್ಲ, ಆ ವಿಷಯದಲ್ಲೂ ಮನೆಯವರೆಲ್ಲರ ಜೊತೆ ವಾದ ಮಾಡಿ ಗೆದ್ದವಳು ನಾನೇ. ಅಂಥವಳು ಈ ವರ್ಷ ನಮ್ಮ ಮನೆಯ ಹುಡುಗಿಯೊಬ್ಬಳ ಕೈಯಲ್ಲಿ ಸಾಲುಸಾಲಾಗಿ ಸೋತೆ. ಆ ಸಂತೋಷ ತಡೆಯಲಾರದೆ ಹೇಳುತ್ತಿದ್ದೇನೆ.

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಹಿಂದಿನ ಕೋಣೆಗಳಲ್ಲಿ ಅಪ್ಪ, ನಾನು, ನನ್ನ ತಂಗಿ, ಅವಳ ಗಂಡ, ಅವರ ಒಬ್ಬಳೇ ಮಗಳು. ಅಪ್ಪ ಕೋರ್ಟಿನಲ್ಲಿ ಜವಾನರಾಗಿದ್ದವರು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಮೂರು ಸಲ ಕೂಗುವುದು ಅವರ ಕೆಲಸ. ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಗಂಟಲು ಮಾತ್ರ ನಿವೃತ್ತಿಯಾಗಿಲ್ಲ. ತಂಗಿಯ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹುಡುಗಿಯನ್ನು ಎಲ್ಲರೂ ಗಿಣಿ ಅನ್ನುತ್ತೇವೆ. ಮಾತು ಕಲಿಯುವಾಗಲೇ ಒಮ್ಮೆ ಕೇಳಿದ್ದನ್ನು ಹಾಗೆಯೇ ಒಪ್ಪಿಸುತ್ತಿದ್ದಳು, ನಾನು ಗಿರಾಕಿಗಳಿಗೆ ಬೈದದ್ದನ್ನೂ ಸೇರಿಸಿ.

ಗಿಣಿಗೆ ಲಾಯರ್ ಆಗುವ ಆಸೆ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಎರಡು ಸಲ ಬರೆದಿದ್ದಳು. ಉಳಿದ ಪತ್ರಿಕೆಗಳಲ್ಲಿ ಚೆನ್ನಾಗಿ ಅಂಕ ಬಂದು, ಎರಡೂ ಸಲ ಇಂಗ್ಲಿಷ್‌ನಲ್ಲಿ ನಪಾಸು. ಮೂರು ಸಲಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ. ಈ ಸಲ ಹೋದರೆ ಹೋಯಿತು. ಅವಳಪ್ಪ ಡಿಪೋದ ಟಿಕೆಟ್ ಕೌಂಟರಿನಲ್ಲಿ ಅವಳಿಗೊಂದು ಕೆಲಸ ಹೇಳಿಟ್ಟಿದ್ದ. ಕೆಲಸವೇನೂ ಕೆಟ್ಟದ್ದಲ್ಲ. ಆದರೆ ಆ ಕೌಂಟರಿನ ಮಾತು ಬಂದಾಗಲೆಲ್ಲ ಹುಡುಗಿ ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದಳು, ಅದನ್ನು ನೋಡಿ ನನಗೂ ಊಟ ಸೇರುತ್ತಿರಲಿಲ್ಲ.

ಅವಳು ಓದುತ್ತಿರಲಿಲ್ಲ ಎಂದು ಮಾತ್ರ ಯಾರೂ ಹೇಳುವ ಹಾಗಿರಲಿಲ್ಲ. ಇಂಗ್ಲಿಷ್ ವ್ಯಾಕರಣ, ಪದಗಳ ಅರ್ಥ, ಖಾಲಿ ಜಾಗ ತುಂಬುವುದು, ಎಲ್ಲಾ ಇರುವ ಅಭ್ಯಾಸದ ಪುಸ್ತಕವೊಂದಿತ್ತು. ಪ್ರತಿ ಪ್ರಶ್ನೆಗೂ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ. ಸರಿಯುತ್ತರ ಪುಟದ ಕೆಳಗೆ ತಲೆಕೆಳಗಾಗಿ ಅಚ್ಚಾಗಿರುತ್ತದೆ. ಪುಸ್ತಕ ತಿರುವಿ ತಿರುವಿ ಅದರ ಬೆನ್ನು ಬಿಚ್ಚಿಹೋಗಿತ್ತು. ಒಂದು ದಿನ ಹಾಳೆಗಳು ನೆಲದ ಮೇಲೆಲ್ಲ ಹರಡಿಕೊಂಡಾಗ, ನಾನೇ ಎತ್ತಿ ಜೋಡಿಸಿ, ದಪ್ಪ ಸೂಜಿ ಹಾಕಿ ಮೆಷಿನ್ನಿನಲ್ಲಿ ಹೊಲಿದು ಕೊಟ್ಟೆ. ಪುಸ್ತಕ ಹೊಲಿಯುವ ದರ್ಜಿ ಬೇರೆ ಎಲ್ಲಿ ಸಿಗುತ್ತಾಳೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರನೆಯ ದಿನ ಮಧ್ಯಾಹ್ನ ಶಾಲೆಯ ಸಮವಸ್ತ್ರಗಳ ರಾಶಿ ಬಂದಿತ್ತು. ಗಿಣಿ ನನ್ನ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಅಪ್ಪ ಎದುರಿಗೆ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದರು. ಇದು ಅವರಿಬ್ಬರ ದಿನದ ಪದ್ಧತಿ. ಅಪ್ಪ "ಮುಂದಿನ ಪುಟ" ಅನ್ನುವುದು, ಅವಳು ತಲೆಯೆತ್ತದೆ "ಬಿ, ಡಿ, ಡಿ, ಎ, ಸಿ" ಎಂದು ಸರಸರ ಹೇಳುವುದು, ಅಪ್ಪ ಪುಸ್ತಕವನ್ನು ತಲೆಕೆಳಗು ಮಾಡಿ ಉತ್ತರ ನೋಡಿ "ಎಲ್ಲಾ ಸರಿ" ಅನ್ನುವುದು. ಕೇಳುವವರಿಗೆ ಕಿವಿಗೆ ಹಬ್ಬ. ನಾನಂತೂ ಗಿರಾಕಿ ಬಂದಾಗ ಬೇಕೆಂದೇ ಕತ್ತರಿ ಕೆಳಗಿಟ್ಟು ಅವರಿಗೂ ಕೇಳಿಸುತ್ತಿದ್ದೆ.

ಅವತ್ತು ಅಪ್ಪ ಪುಸ್ತಕ ತಿರುಗಿಸಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಎಲ್ಲಾ ತಪ್ಪು," ಅಂದರು.

"ನಿಮ್ಮ ಕನ್ನಡಕಕ್ಕೆ ವಯಸ್ಸಾಯ್ತು," ಅಂದೆ ನಾನು.

"ನಿನ್ನ ಹೊಲಿಗೆಗೆ ಆಗಿರಬೇಕು ನೋಡು. ಪುಟದ ಸಂಖ್ಯೆ ಹಿಂದೆ ಮುಂದೆ ಆಗಿದೆ."

ನಿಜವೇ. ಹಾಳೆಗಳನ್ನು ಅಡ್ಡಾದಿಡ್ಡಿ ಸೇರಿಸಿ ಹೊಲಿದುಬಿಟ್ಟಿದ್ದೆ. ನಾಲ್ಕು ಹೊಲಿಗೆ ಬಿಚ್ಚಿದರೆ ಆಯಿತು ಎಂದು ಬ್ಲೇಡಿಗೆ ಕೈ ಹಾಕಿದವಳಿಗೆ ತಟ್ಟನೆ ಹೊಳೆಯಿತು. ಹೊಲಿಗೆ ತಪ್ಪಿದರೆ ತಪ್ಪಲಿ, ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗಬೇಕಲ್ಲ? ಈ ಹುಡುಗಿ ಪ್ರಶ್ನೆಯನ್ನೇ ನೋಡದೆ ಉತ್ತರ ಹೇಳುತ್ತಿದ್ದಾಳೆ.

ಗಿಣಿಗೂ ಅದೇ ಕ್ಷಣ ಗೊತ್ತಾಯಿತು. ಗುಂಡಿ, ಸೂಜಿ ಎಲ್ಲಾ ತೊಡೆಯ ಮೇಲೆ ಬಿಟ್ಟಳು.

"ಪುಟದ ಸಾಲು ಬಾಯಿಪಾಠ ಆಗಿಬಿಟ್ಟಿದೆ ದೊಡ್ಡಮ್ಮ," ಅಂದಳು. "ಪರೀಕ್ಷೇಲಿ ಪ್ರಶ್ನೆ ಬೇರೆ ಥರ ಬಂದ್ರೆ ತಲೆ ಖಾಲಿ ಆಗುತ್ತೆ. ಎರಡು ಸಲಾನೂ ಹಾಗೇ ಆಯ್ತು. ನನಗೆ ಬರೋದೇ ಇಲ್ಲ ಅಂದ್ಕೊಂಡಿದ್ದೆ."

ಅವಳ ಕಣ್ಣು ತುಂಬಿತು. ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಜಾಯಮಾನ. ಪುಸ್ತಕ ಕಿತ್ತುಕೊಂಡು ಅವಳ ಮುಂದೆ ಹಿಡಿದೆ.

"ಇದೇನು ಪ್ರಶ್ನೆ, ಓದು."

'ನಾವು ಇಲ್ಲಿ ಹತ್ತು ವರ್ಷದಿಂದ ಇದ್ದೇವೆ' ಎಂಬ ಅರ್ಥದ ವಾಕ್ಯ, ನಡುವೆ ಖಾಲಿ ಜಾಗ. ಅದಕ್ಕೆ ಫ್ರಮ್, ಸಿನ್ಸ್, ಫಾರ್, ಬೈ, ಇಷ್ಟರಲ್ಲಿ ಯಾವುದು?

"ಫಾರ್," ಅಂದಳು.

"ಯಾಕೆ? ಫ್ರಮ್ ಅಂದ್ರೆ 'ಇಂದ' ತಾನೇ? ಹತ್ತು ವರ್ಷದಿಂದ ಅಂತೀವಿ. ನಮ್ಮ ಫ್ರಮ್ ಏನು ತಪ್ಪು ಮಾಡಿದ?"

"ಪುಸ್ತಕದಲ್ಲಿ ಹಾಗಿದೆ."

"ಪುಸ್ತಕ ಹೊಲಿದವಳು ನಾನು, ನನಗೆ ಹೇಳ್ಬೇಡ. ಯಾಕೆ ತಪ್ಪು ಅಂತ ಹೇಳು."

ಹುಡುಗಿ ಪುಸ್ತಕ ತಲೆಕೆಳಗು ಮಾಡಿ ಮತ್ತೆ ಉತ್ತರವನ್ನೇ ನೋಡಿದಳು. ಅಪ್ಪ ಸ್ಟೂಲಿನಿಂದ ಎದ್ದು, ಬಾಗಿಲಿಗೆ ಹೋಗಿ, ಹಳೆಯ ಗತ್ತಿನಲ್ಲಿ ಬೀದಿಗೆ ಕೇಳುವ ಹಾಗೆ ಕೂಗಿದರು: "ಫ್ರಮ್ ಹಾಜರಿದ್ದಾರಾ? ಫ್ರಮ್! ಫ್ರಮ್!" ಆಮೇಲೆ ನನ್ನ ಕಡೆ ತಿರುಗಿ, "ಫ್ರಮ್ ಪರ ಲಾಯರ್ ನೀನೇ ತಾನೇ? ಶುರು ಮಾಡು," ಅಂದರು.

ನಮ್ಮ ಮನೆಯ ಕೋರ್ಟು ಶುರುವಾದದ್ದು ಹೀಗೆ. ಸರಿಯುತ್ತರದ ಪರ ಗಿಣಿ, ತಪ್ಪುತ್ತರಗಳ ಪರ ನಾನು, ತೀರ್ಪು ಅಪ್ಪನದು. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ವಾದಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಮೊದಲ ಕೆಲವು ದಿನ ಎಲ್ಲಾ ಕೇಸೂ ನಾನೇ ಗೆದ್ದೆ. 'ಹಾಗೇ ಬರೋದು', 'ಅದು ರೂಢಿ' ಎಂದರೆ ಅಪ್ಪ ತಲೆ ಆಡಿಸಿ, "ಸಾಕ್ಷಿ ಸಾಲದು" ಅನ್ನುತ್ತಿದ್ದರು. ಸೋತ ಹುಡುಗಿ ಮುಖ ಊದಿಸಿಕೊಂಡು ಗ್ರಂಥಾಲಯಕ್ಕೆ ಹೋಗುವಳು, ದಪ್ಪ ನಿಘಂಟು ಮಗುಚುವಳು, ತಾನು ಓದಿದ್ದ ಕಾಲೇಜಿನ ಇಂಗ್ಲಿಷ್ ಮೇಡಂ ಮನೆ ಬಾಗಿಲು ತಟ್ಟುವಳು. ಆ ಮೇಡಂ ಪುಣ್ಯಾತ್ಗಿತ್ತಿ, ಹೋದಾಗಲೆಲ್ಲ ಕೂರಿಸಿಕೊಂಡು ಹೇಳಿಕೊಟ್ಟರು. ಹುಡುಗಿ ಕಾರಣ ಹುಡುಕಿಕೊಂಡು ವಾಪಸು ಬರುವಳು.

ನನ್ನ ಫ್ರಮ್ ಅನ್ನು ಅವಳು ಸೋಲಿಸಿದ್ದು ನನ್ನದೇ ಟೇಪಿನಿಂದ. ಮೇಜಿನ ಮೇಲೆ ಟೇಪು ಹಾಸಿ, "ದೊಡ್ಡಮ್ಮ, ಬಟ್ಟೆ ಎಷ್ಟು ಉದ್ದ ಅನ್ನೋದು ಒಂದು ಲೆಕ್ಕ. ಎಲ್ಲಿಂದ ಅಳೆಯೋಕೆ ಶುರು ಮಾಡಿದೆ ಅನ್ನೋದು ಇನ್ನೊಂದು. ಹತ್ತು ವರ್ಷ ಅನ್ನೋದು ಉದ್ದ. ಅದಕ್ಕೆ ಫಾರ್. ಶುರುವಾದ ವರ್ಷ ಹೇಳಿದ್ರೆ ಸಿನ್ಸ್. ನಮ್ಮ ಮಾತಲ್ಲಿ ಎರಡಕ್ಕೂ 'ಇಂದ' ಸಾಕು, ಅವರ ಮಾತಲ್ಲಿ ಸಾಲದು," ಅಂದಳು.

ನಾನು ಟೇಪು ನೋಡಿದೆ. ಮೂವತ್ತು ವರ್ಷದ ದರ್ಜಿ ಕೆಲಸದಲ್ಲಿ ನನ್ನ ಟೇಪು ನನಗೇ ತಿರುಗಿಬಿದ್ದದ್ದು ಅದೇ ಮೊದಲು.

"ಫ್ರಮ್ ಕೇಸು ವಜಾ," ಅಂದರು ಅಪ್ಪ.

ಅಲ್ಲಿಂದ ಅವಳ ಕೈ ಮೇಲಾಯಿತು. ಫ್ರೂಗಲ್, ಮೈಸರ್ಲಿ ಎಂಬೆರಡು ಪದ ಬಂದಾಗ, ಎರಡೂ ಹಣ ಬಿಗಿ ಹಿಡಿಯುವವರೇ, ಏನು ವ್ಯತ್ಯಾಸ ಎಂದು ನಾನು ಮೇಜು ಗುದ್ದಿದೆ. ಗಿಣಿ ತಣ್ಣಗೆ ಹೇಳಿದಳು: "ಉಳಿದ ತುಂಡು ಬಟ್ಟೆ ಎತ್ತಿಟ್ಟು ದಿಂಬಿನ ಗೌಸು ಹೊಲಿಯೋದು ಫ್ರೂಗಲ್. ಗಿರಾಕಿಗೆ ಬಿದ್ದುಹೋದ ಒಂದು ಗುಂಡಿ ಕೊಡೋಕೂ ಜೀವ ಬಿಡೋದು ಮೈಸರ್ಲಿ." ಅಳತೆ ಕೊಡಲು ಬಂದಿದ್ದ ಬೇಕರಿಯವನು ನಗು ತಡೆಯಲಾರದೆ ಹೊರಗೆ ಹೋದ. ಆ ಕೇಸಿನಲ್ಲಿ ಸೋತದ್ದು ಮಾತ್ರ ಸ್ವಲ್ಪ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆ ಹತ್ತಿರ ಬಂದಾಗ ತಂಗಿಯ ಗಂಡ ಸಿಡಿಮಿಡಿಗೊಂಡ. "ಓದೋ ಹೊತ್ತಲ್ಲಿ ಇದೇನು ನಾಟಕ? ಕೊನೇ ಸಲ ಇದು. ಆ ಕೌಂಟರಿನವರು ನನಗೋಸ್ಕರ ಕಾಯ್ತಿದ್ದಾರೆ," ಅಂದ.

"ನೀನೂ ಒಂದು ಕೇಸು ಹಿಡಿ, ಆಮೇಲೆ ಮಾತಾಡು," ಅಂದೆ.

ನಿನ್ನೆ ಹೋಗಲಿಲ್ಲ ಅನ್ನಲು 'ಡಿಡ್ ನಾಟ್ ಗೋ' ಸರಿಯೋ 'ಡಿಡ್ ನಾಟ್ ವೆಂಟ್' ಸರಿಯೋ ಎಂಬ ಪ್ರಶ್ನೆ. ಅವನು ವೆಂಟ್ ಪರ ನಿಂತ. ನಡೆದದ್ದು ನಿನ್ನೆ, ಹಾಗಾದರೆ ವೆಂಟ್ ಅನ್ನದೆ ಇನ್ನೇನು ಅನ್ನಬೇಕು ಎಂದು ಗ್ರೀಸ್ ಹತ್ತಿದ ಬೆರಳು ತೋರಿಸಿ ಕೇಳಿದ. ವಾದ ಕೆಟ್ಟದ್ದಾಗಿರಲಿಲ್ಲ.

"ಅಪ್ಪ, ಒಂದ್ಸಲ ಪೂರ್ತಿ ಬಿಗಿ ಮಾಡಿದ ನಟ್ಟನ್ನ ಮತ್ತೆ ಬಿಗಿ ಮಾಡ್ತೀಯಾ?"

"ಮಾಡಿದ್ರೆ ಥ್ರೆಡ್ ಹಾಳಾಗುತ್ತೆ."

"ನಿನ್ನೆ ಅನ್ನೋದನ್ನ ಡಿಡ್ ಆಗಲೇ ಬಿಗಿ ಮಾಡಿದೆ. ಮತ್ತೆ ವೆಂಟ್ ಹಾಕಿದ್ರೆ ಥ್ರೆಡ್ ಹೋಯ್ತು."

ಅವನು ಬೆರಳಿನ ಗ್ರೀಸ್ ಒರೆಸಿಕೊಂಡ. ಆಮೇಲೆ ಒಳಗೆ ಹೋಗಿ, ತಂಗಿಯ ಹತ್ತಿರ "ಇವಳು ಲಾಯರ್ ಆಗ್ಲೇಬೇಕು ಕಣೇ" ಅಂದದ್ದು ನಮಗೆಲ್ಲ ಕೇಳಿಸಿತು. ಗಿಣಿ ತಲೆ ಬಗ್ಗಿಸಿ ಗುಂಡಿ ಹಾಕುತ್ತಿದ್ದಳು, ಕಿವಿ ಕೆಂಪಾಗಿತ್ತು.

ಪರೀಕ್ಷೆಯ ದಿನ ಅವಳ ಜೊತೆ ನಾನೇ ಹೋದೆ. ಅಂಗಡಿಗೆ ಬೀಗ. ಗೇಟಿನ ಹೊರಗೆ ಮರದ ಬುಡದಲ್ಲಿ ಕೂತು ಒಂದು ಅಂಗಿಯ ಅಂಚು ಮಡಿಸಲು ಹೋಗಿ, ಎರಡು ಸಲ ಬೆರಳು ಚುಚ್ಚಿಕೊಂಡೆ. ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಬರತೊಡಗಿದರು. ಪ್ರಶ್ನೆಗಳೆಲ್ಲ ಹೊಸವು, ಪುಸ್ತಕದಲ್ಲಿದ್ದದ್ದು ಒಂದೂ ಬಂದಿಲ್ಲ ಎಂದು ಕೆಲವರು ಅಳುತ್ತಿದ್ದರು. ಎಲ್ಲರೂ ಹೋದ ಮೇಲೆ ಕಟ್ಟಕಡೆಗೆ ಗಿಣಿ ಬಂದಳು, ಸಂತೆಯಿಂದ ಬರುವವಳ ಹಾಗೆ ಕೈ ಬೀಸಿಕೊಂಡು.

"ದೊಡ್ಡಮ್ಮ, ಒಳಗೂ ನೀನು ಬಾಯಿ ಮುಚ್ಚಲಿಲ್ಲ," ಅಂದಳು.

"ನಾನೇನೇ ಮಾಡಿದೆ?"

"ಪ್ರತಿ ತಪ್ಪು ಉತ್ತರದ ಪರವಾಗೂ ನೀನು ಎದ್ದು ನಿಲ್ತಿದ್ದೆ. ನಾನು ವಾದ ಮಾಡಿ ಒಂದೊಂದನ್ನೂ ಕೂರಿಸಿ ಬಂದೆ. ಒಂದರಲ್ಲಿ ಮಾತ್ರ ಎರಡು ಉತ್ತರಾನೂ ಸರಿ ಅನ್ನಿಸ್ತು. ಆಗ ನೀನು ಯಾವುದರ ಪರ ಹೆಚ್ಚು ಕೂಗಾಡ್ತೀಯ ಅಂತ ಯೋಚಿಸಿದೆ. ಅದನ್ನ ಬಿಟ್ಟು ಇನ್ನೊಂದು ಬರೆದೆ."

ಬೈಯಬೇಕೆಂದು ಬಾಯಿ ತೆರೆದೆ. ನಗು ಬಂತು.

ಫಲಿತಾಂಶ ಬಂದ ಬೆಳಗ್ಗೆ ಅಂಗಡಿಯಲ್ಲಿ ನಾವೆಲ್ಲ ಗಿಣಿಯ ಫೋನಿನ ಸುತ್ತ ನಿಂತಿದ್ದೆವು. ತಂಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಪುಟ ತೆರೆಯಲು ಅದೆಷ್ಟು ಹೊತ್ತೋ. ತೆರೆದ ಮೇಲೆ ಗಿಣಿ ಓದಲಿಲ್ಲ, ಫೋನನ್ನು ತಾತನ ಕೈಗೆ ಕೊಟ್ಟಳು. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. ಇಂಗ್ಲಿಷ್‌ನಲ್ಲಿ ಪಾಸಷ್ಟೇ ಅಲ್ಲ, ಉಳಿದೆಲ್ಲ ಪತ್ರಿಕೆಗಿಂತ ಅದರಲ್ಲೇ ಹೆಚ್ಚು ಅಂಕ. ಕಾನೂನು ಕಾಲೇಜಿನಲ್ಲಿ ಸೀಟು.

ಅಪ್ಪ ಫೋನನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು ಬಾಗಿಲಿಗೆ ನಡೆದರು. ಹೊಸ್ತಿಲ ಮೇಲೆ ನೆಟ್ಟಗೆ ನಿಂತು, ಮೊಮ್ಮಗಳ ಪೂರ್ತಿ ಹೆಸರು ಹಿಡಿದು, ಮುಂದೆ 'ವಕೀಲರು' ಸೇರಿಸಿ, ಮೂರು ಸಲ ಕೂಗಿದರು. ಜೀವಮಾನವೆಲ್ಲ ಬೇರೆಯವರ ಹೆಸರು ಕೂಗಿದ ಗಂಟಲು ಅದು. ಮೂರನೆಯ ಸಲ ಒಡೆಯಿತು. ಬೀದಿಯ ಜನ ಏನಾಯಿತೋ ಎಂದು ಓಡಿ ಬಂದರು.

ತಂಗಿಯ ಗಂಡ ಕೌಂಟರಿನ ಕೆಲಸ ಬೇಡವೆಂದು ಹೇಳಲು ತಾನೇ ಡಿಪೋಗೆ ಹೋದ. ಫೋನಿನಲ್ಲಿ ಹೇಳಿದರೂ ಆಗುತ್ತಿತ್ತು, ಆದರೆ ಅಲ್ಲಿದ್ದ ಎಲ್ಲರ ಮುಖ ನೋಡಿ ಹೇಳುವ ಆಸೆ ಅವನಿಗೆ. ನಾನು ಅಂಗಡಿಯ ಮುಂದೆ ನಿಂತು ಬಂದವರಿಗೆಲ್ಲ ಹೇಳಿದೆ, "ಆಮೇಲಾಮೇಲೆ ಒಂದೂ ಬಿಡದೆ ಎಲ್ಲಾ ಕೇಸೂ ಸೋತೆ."

"ನೀವು? ಸೋತಿದ್ದಾ? ಯಾರ ಹತ್ರ?" ಅಂದ ಬೇಕರಿಯವನು, ಗೊತ್ತಿದ್ದೂ.

ನಾನು ಗಿಣಿಯನ್ನು ತೋರಿಸಿದೆ. ಹಾಗೆ ತೋರಿಸುವಾಗ ನನ್ನ ಎದೆ ಉಬ್ಬಿದಷ್ಟು ಗೆದ್ದಾಗಲೂ ಯಾವತ್ತೂ ಉಬ್ಬಿರಲಿಲ್ಲ.

ಮಧ್ಯಾಹ್ನ ಜನ ಕರಗಿದ ಮೇಲೆ ಬೀರುವಿನಿಂದ ಕರಿ ಬಟ್ಟೆಯ ತಾನು ತೆಗೆದು ಮೇಜಿನ ಮೇಲೆ ಹಾಸಿದೆ. ಲಾಯರ್ ಕೋಟಿಗೆಂದು ಅವಳ ಮೊದಲ ಪರೀಕ್ಷೆಯ ವರ್ಷವೇ ತಂದಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ.

"ಬಾ, ತೋಳು ಎತ್ತು. ಅಳತೆ."

"ದೊಡ್ಡಮ್ಮ, ಕೋಟು ಹಾಕೋಕೆ ಇನ್ನೂ ಐದು ವರ್ಷ ಇದೆ. ಅಷ್ಟರಲ್ಲಿ ನಾನು ದಪ್ಪ ಆಗಬಹುದು, ತೆಳ್ಳಗೆ ಆಗಬಹುದು. ಇವತ್ತಿನ ಅಳತೆ ಅವತ್ತಿಗೆ ಆಗುತ್ತೆ ಅನ್ನೋದಕ್ಕೆ ಏನು ಸಾಕ್ಷಿ?"

ಅಪ್ಪ ಸ್ಟೂಲಿನಿಂದ ನನ್ನ ಕಡೆ ನೋಡಿದರು, ತೀರ್ಪಿಗೆ ಸಿದ್ಧರಾಗಿ. ನಾನು ಯೋಚಿಸಿದೆ. ಅವಳ ಮಾತು ಸರಿ, ಎಲ್ಲಿಂದ ಹಿಡಿದರೂ ಸರಿ.

"ಸೋತೆ," ಅಂದೆ.

ಆದರೂ ಅಳತೆ ತೆಗೆದು ಕತ್ತರಿ ಹಿಡಿದೆ. ಮುಂದೆ ಹೊಲಿಗೆ ಬಿಚ್ಚಿ ಬೇಕಾದಷ್ಟು ಅಗಲ ಮಾಡಿಕೊಳ್ಳುವ ಹಾಗೆ ಎರಡೂ ಪಕ್ಕ ಬಟ್ಟೆ ಬಿಟ್ಟು, ಅವಳ ಎದುರಿಗೇ ಕತ್ತರಿಸಿಬಿಟ್ಟೆ.