ಸೈಕಲ್ಲಿನ ಹೊಟ್ಟೆಯೊಳಗಿನ ಮುದುಕಿ

ಅಮ್ಮನ ಸೈಕಲ್ಲಿನ ಹೊಟ್ಟೆಯೊಳಗೆ ಒಬ್ಬ ಮುದುಕಿ ಸೇರಿಕೊಂಡಿದ್ದಾಳೆ ಎಂದು ಮೊದಲು ಹೇಳಿದವಳು ಅಜ್ಜಿ. ಅಮ್ಮ ಒಮ್ಮೆ ಪೆಡಲ್ ತುಳಿದರೆ ಆ ಮುದುಕಿ ಒಮ್ಮೆ ಲೊಚ್ ಎನ್ನುತ್ತಾಳೆ, ಇನ್ನೊಮ್ಮೆ ತುಳಿದರೆ ಇನ್ನೊಮ್ಮೆ. "ಪ್ರಪಂಚದಲ್ಲಿ ಒಂದೂ ಸರಿ ಬರೋದಿಲ್ಲ ಅವಳಿಗೆ. ಅದಕ್ಕೇ ಲೊಚಗುಟ್ತಾಳೆ," ಎಂದು ಅಜ್ಜಿ ಕಾರಣವನ್ನೂ ಒದಗಿಸಿದ್ದಳು.

ಅಮ್ಮನಿಗೆ ಕಥೆ ಕೇಳುವ ತಾಳ್ಮೆ ಇರಲಿಲ್ಲ. ಅವಳು ಮನೆಮನೆಗೆ ಹೋಗಿ ಕಾಯಿಲೆಯವರನ್ನೂ ಬಾಣಂತಿಯರನ್ನೂ ನೋಡಿಕೊಂಡು ಬರುವ ನರ್ಸು. ಬೆಳಗಿನ ಮನೆಗಳನ್ನು ಮುಗಿಸಿ ಬಂದವಳೇ ಸೈಕಲ್ಲನ್ನು ಮಗಳ ಸೈಕಲ್ ರಿಪೇರಿ ಅಂಗಡಿಯ ಗೋಡೆಗೆ ಒರಗಿಸಿ, ಚೀಲವನ್ನು ಬೆಂಚಿನ ಮೇಲಿಟ್ಟಳು.

"ಆಗ ತಾನೇ ಮಗು ಮಲಗಿಸಿರ್ತಾರೆ, ನಾನು ಲೊಚ್ ಲೊಚ್ ಅಂತ ಬಾಗಿಲಿಗೆ ಬರ್ತೀನಿ. ಇವತ್ತು ಒಬ್ಬಳು ಏನಂದ್ಲು ಗೊತ್ತಾ? ನೀವು ಬರೋಕೆ ಮುಂಚೆ ನಿಮ್ಮ ಸೈಕಲ್ ಬೈಯೋದು ಕೇಳ್ಸುತ್ತೆ ಅಂದ್ಲು. ಸಾಕಾಗಿದೆ ನನಗೆ. ಸಾಯಂಕಾಲ ಗುಜರಿಯವನಿಗೆ ಬರೋಕೆ ಹೇಳಿದೀನಿ. ಅಷ್ಟರಲ್ಲಿ ಶಬ್ದ ಹೋದ್ರೆ ಸರಿ. ಇಲ್ಲಾಂದ್ರೆ ಸೈಕಲ್ಲೇ ಹೋಗುತ್ತೆ."

ಮಗಳು ಸ್ಪ್ಯಾನರಿಗೆ ಕೈ ಹಾಕಿದಳು. ಎರಡು ಸಲ ಕೇಳಿದ ಮೇಲೆ ಒಂದು ಸಲ ಉತ್ತರ ಕೊಡುವುದು ಅವಳ ಪದ್ಧತಿ. ಆ ಕಾರಣಕ್ಕೇ ಅಜ್ಜಿ ಅವಳಿಗೆ ನಿಧಾನಿ ಎಂದು ಹೆಸರಿಟ್ಟಿದ್ದಳು, ಮೊದಲಿನ ಹೆಸರು ಮನೆಯವರಿಗೇ ಮರೆತುಹೋಗಿತ್ತು. ಅಂಗಡಿ ಅಪ್ಪನದು, ಸೈಕಲ್ಲು ಅಪ್ಪ ಅಮ್ಮನಿಗೆ ಕೊಟ್ಟದ್ದು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಮಗಳ ಪಾಲಿಗೆ ಬಂತು, ಸೈಕಲ್ ಅಮ್ಮನಿಗೇ ಉಳಿಯಿತು. ಆದರೆ ಆ ಸೈಕಲ್ಲಿನ ಮುಂದಿನ ರಾಡಿನ ಮೇಲೆ ಮೊದಲು ಒಂದು ಪುಟ್ಟ ಸೀಟಿತ್ತು. ನಿಧಾನಿ ಲೋಕವನ್ನು ಮೊಟ್ಟಮೊದಲು ನೋಡಿದ್ದು ಅಲ್ಲಿ ಕೂತು, ಹ್ಯಾಂಡಲ್ಲಿನ ಎರಡು ಕೊಂಬುಗಳ ನಡುವಿನಿಂದ. ಅಂಥದ್ದನ್ನು ತಕ್ಕಡಿಗೆ ಹಾಕುವುದೆಂದರೆ ಅವಳಿಗೆ ಕಣ್ಣನ್ನೇ ಕಿತ್ತು ತೂಗಿದಂತೆ.

ಅವಳು ಸೈಕಲ್ಲನ್ನು ಕೊಕ್ಕೆಗೆ ತೂಗುಹಾಕಿ ಬಿಬಿಯನ್ನು ಬಿಚ್ಚತೊಡಗಿದಳು. ಎರಡು ಪೆಡಲುಗಳ ನಡುವೆ, ಫ್ರೇಮಿನ ಕೊಳವೆಗಳೆಲ್ಲ ಬಂದು ಸೇರುವ ಜಾಗದಲ್ಲಿ, ಅಚ್ಚು ತಿರುಗುವ ಗೂಡಿಗೆ ಸೈಕಲ್ ಅಂಗಡಿಯವರೆಲ್ಲ ಬಿಬಿ ಎನ್ನುತ್ತಾರೆ. ಅದರ ಎರಡು ಬದಿಗೆ ಎರಡು ಉಕ್ಕಿನ ಬಟ್ಟಲು, ಬಟ್ಟಲೊಳಗೆ ಗುಂಡುಗಳು. ಚೈನಿನ ಕಡೆಯ ಬಟ್ಟಲಿಗೆ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ. ಲೋಕವೆಲ್ಲ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ.

"ನಿಮ್ಮ ತಾತನೂ ಹಾಗೇ," ಎಂದಳು ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದ ಅಜ್ಜಿ. "ಬೇಡ ಬೇಡ ಅಂದ್ರೆ ಮಾತ್ರ ಮಾಡೋರು."

"ನಿಮ್ಮ ಮಗನೇನು ಕಡಿಮೆಯಿದ್ರಾ ಅತ್ತೆ?" ಎಂದಳು ಅಮ್ಮ.

"ನನ್ನ ಮಗ ಚಿನ್ನ. ಉಲ್ಟಾ ಆಗಿದ್ದು ನಿನ್ನ ಕೈಗೆ ಬಂದ್ಮೇಲೆ."

ಬಟ್ಟಲು ಹೊರಗೆ ಬಂತು. ಒಳಗಿನ ಗ್ರೀಸು ಒಣಗಿ ಕರಿ ಮಣ್ಣಾಗಿತ್ತು. ಗುಂಡು ಓಡಾಡುವ ದಾರಿಯಲ್ಲಿ ಸಿಡುಬಿನ ಕಲೆಯಂತೆ ಕುಳಿಗಳು. ನಿಧಾನಿಗೆ ಜೀವ ಬಂದಂತಾಯಿತು. "ಸಿಕ್ಕಿದಳು ಅಜ್ಜಿ, ನಿನ್ನ ಮುದುಕಿ," ಎಂದಳು. ಗೂಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಹೊಸ ಬಟ್ಟಲುಗಳಿಗೆ ಗ್ರೀಸು ಮೆತ್ತಿ, ಗುಂಡುಗಳನ್ನು ಅದರಲ್ಲಿ ಒಂದೊಂದಾಗಿ ಕೂರಿಸಿದಳು. ಹೊಸ ಅಚ್ಚು ಇಟ್ಟು ಎಡಬಟ್ಟಲನ್ನು ಕೈಯಿಂದಲೇ ತಿರುಗಿಸುತ್ತ ಹೋದಳು. ತೀರಾ ಬಿಗಿಯಾದರೆ ಗುಂಡು ಅರೆಯುತ್ತದೆ, ತೀರಾ ಸಡಿಲವಾದರೆ ಅಚ್ಚು ಅಲ್ಲಾಡುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ಜಾಗವಿದೆ, ಅಪ್ಪ ಅದನ್ನು ಕಣ್ಣು ಮುಚ್ಚಿ ಹುಡುಕುತ್ತಿದ್ದ. ಅವಳೂ ಕಣ್ಣು ಮುಚ್ಚಿದಳು.

ಬೀದಿಯ ಕೊನೆಯವರೆಗೆ ತಾನೇ ಹೊಡೆದು ನೋಡಿದಳು. ಸದ್ದೇ ಇಲ್ಲ. ನೀರಿನಲ್ಲಿ ದೋಣಿ ಹೋದ ಹಾಗೆ.

ಆಮೇಲೆ ಅಮ್ಮ ಹತ್ತಿದಳು. ಲೊಚ್.

ನಿಧಾನಿಯ ಮುಖದ ಬಣ್ಣ ಇಳಿಯಿತು. ಸೈಕಲ್ಲಿನ ಮೈ ಎಂದರೆ ಟೊಳ್ಳು ಕೊಳವೆಗಳ ಮನೆ. ಅಲ್ಲಿ ಸದ್ದು ಒಂದು ಕೋಣೆಯಲ್ಲಿ ಹುಟ್ಟಿ ಇನ್ನೊಂದು ಕೋಣೆಯಲ್ಲಿ ಕೂಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಪೆಡಲುಗಳನ್ನು ಬದಲಾಯಿಸಿದಳು. ಪೆಡಲಿನ ಕೈಗಳನ್ನು ಅಚ್ಚಿಗೆ ಹಿಡಿಯುವ ಪಿನ್ನುಗಳನ್ನು ಹೊಡೆದು ಕೂರಿಸಿದಳು. ಹಲ್ಲುಚಕ್ರದ ಬೋಲ್ಟುಗಳನ್ನೂ ಸೀಟಿನ ಸ್ಪ್ರಿಂಗುಗಳನ್ನೂ ಒಂದೊಂದಾಗಿ ವಿಚಾರಿಸಿಕೊಂಡಳು. ಪ್ರತಿ ಸಲವೂ ತಾನು ಕೂತರೆ ಮೌನ, ಅಮ್ಮ ಕೂತರೆ ಲೊಚ್.

"ಮುದುಕಿ ನಿನಗೆ ಹೆದರ್ತಾಳೆ, ನನಗೆ ಹೆದರಲ್ಲ," ಎಂದಳು ಅಮ್ಮ. "ಪಾದಕ್ಕೇ ಗೊತ್ತಾಗುತ್ತೆ ಕಣೇ, ಒಳಗೆ ಟಕ್ ಅನ್ನೋದು. ಬಿಡು. ನಿನ್ನ ಕೈಲಿ ಆಗೋದೆಲ್ಲ ಮಾಡಿದೀಯ."

ಹೊತ್ತು ಇಳಿಯುತ್ತಿತ್ತು. ಬಿಡು ಎಂಬ ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ನಿಧಾನಿ ಬೆಂಚಿನತ್ತ ನೋಡಿದಳು. ಅಲ್ಲಿ ಅಮ್ಮನ ಚೀಲದ ಬಾಯಿಂದ ಸ್ಟೆತಸ್ಕೋಪು ಅರ್ಧ ಇಣುಕುತ್ತಿತ್ತು.

"ಅಮ್ಮ, ಅದನ್ನ ಕೊಡು."

"ಯಾಕೆ? ಸೈಕಲ್ಲಿಗೆ ಜ್ವರವಾ?"

"ಕೊಡಮ್ಮ. ನೀನು ಹತ್ತಿ ಕೂತ್ಕೋ."

ಹಿಂದಿನ ಸ್ಟ್ಯಾಂಡು ಹಾಕಿ ಚಕ್ರ ನೆಲ ಬಿಡುವಂತೆ ನಿಲ್ಲಿಸಿದಳು. ಅಮ್ಮ ಅಂಗಡಿಯ ಕಂಬ ಹಿಡಿದು ಕೂತು, ನಿಂತಲ್ಲೇ ತುಳಿಯತೊಡಗಿದಳು. ನಿಧಾನಿ ನೆಲದ ಮೇಲೆ ಮಂಡಿಯೂರಿ, ಸ್ಟೆತಸ್ಕೋಪು ಕಿವಿಗೆ ಸಿಕ್ಕಿಸಿ, ಅದರ ತಣ್ಣನೆಯ ಬಿಲ್ಲೆಯನ್ನು ಬಿಬಿಗೆ ಒತ್ತಿದಳು.

ಬೀದಿ ಮಾಯವಾಯಿತು. ದೂರದಲ್ಲೆಲ್ಲೋ ಹೊಳೆಯೊಂದು ಹರಿಯುತ್ತಿತ್ತು, ಅದರ ತಳದಲ್ಲಿ ನುಣ್ಣನೆಯ ಕಲ್ಲುಗಳು ಒಂದನ್ನೊಂದು ತಳ್ಳಿಕೊಂಡು ಉರುಳುತ್ತಿದ್ದವು. ತಾನೇ ಗ್ರೀಸಿನಲ್ಲಿ ಕೂರಿಸಿದ ಗುಂಡುಗಳು. ಅವು ಇಷ್ಟು ಚೆನ್ನಾಗಿ ಮಾತಾಡುತ್ತವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬಿಬಿಯಲ್ಲಿ ತಪ್ಪಿಲ್ಲ. ಬಿಲ್ಲೆಯನ್ನು ಪೆಡಲಿನ ಕೈಗೆ ಒತ್ತಿದಳು. ಲೊಚ್, ಆದರೆ ಗೋಡೆಯಾಚೆಯಿಂದ ಬಂದ ಹಾಗೆ. ಪೆಡಲಿಗೆ ಒತ್ತಿದಳು. ಲೊಚ್, ಇನ್ನಷ್ಟು ಹತ್ತಿರ. ಪೆಡಲಿನ ಮೇಲಿದ್ದದ್ದು ಅಮ್ಮನ ಚಪ್ಪಲಿ. ಚಪ್ಪಲಿಯ ಮೇಲೆ ಅಮ್ಮ.

ನಿಧಾನಿ ತಲೆಯೆತ್ತಿದಳು. ಅಮ್ಮನ ಬಲಮಂಡಿ ಎದೆಯವರೆಗೆ ಬಂದಂತೆ ಮಡಚಿಕೊಂಡು ಮೇಲೇರಿ, ಮತ್ತೆ ಕೆಳಗಿಳಿಯುತ್ತಿತ್ತು. ನಿಧಾನಿ ಬಿಲ್ಲೆಯನ್ನು ಆ ಮಂಡಿಯ ಮೇಲಿಟ್ಟಳು.

ಒಳಗೆ ಒಂದು ದೊಡ್ಡ ಹಳೆಯ ಮನೆಯಿತ್ತು. ಅಲ್ಲಿ ಭಾರದ ಬಾಗಿಲೊಂದು ನಿಧಾನಕ್ಕೆ ತೆರೆಯಿತು, ಮರಳಿನ ಮೇಲೆ ಯಾರೋ ನಡೆದರು, ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತ ಅಗುಳಿ ಬಿತ್ತು: ಲೊಚ್. ಮತ್ತೆ ಬಾಗಿಲು, ಮತ್ತೆ ಮರಳು. ಯಾರೂ ಎಂದೂ ಬಿಚ್ಚಿ ನೋಡದ, ಯಾರೂ ಗ್ರೀಸು ಹಚ್ಚದ ಕೀಲು. ಎಷ್ಟೋ ಏರುಗಳನ್ನು, ಎಷ್ಟೋ ಜನರ ಮೆಟ್ಟಿಲುಗಳನ್ನು ಹತ್ತಿಸಿದ ಕೀಲು. ಉಸಿರಾಡಿದರೆ ಆ ಮನೆಯೊಳಗಿನವರಿಗೆ ಕೇಳಿಸೀತೆಂದು ನಿಧಾನಿ ಉಸಿರು ಹಿಡಿದಳು.

"ಏನೇ ಅದು? ಯಾಕೆ ಹಾಗೆ ನೋಡ್ತೀಯ?" ಎಂದಳು ಅಮ್ಮ.

"ನೀನೇ ಕೇಳು."

ಅಮ್ಮ ಸ್ಟೆತಸ್ಕೋಪನ್ನು ತನ್ನ ಕಿವಿಗೆ ಹಾಕಿಕೊಂಡು ಕಾಲನ್ನು ಮಡಚಿ ಬಿಡಿಸಿದಳು. ಊರವರ ಎದೆಯನ್ನೆಲ್ಲ ಕೇಳಿ ಬಲ್ಲವಳು, ತನ್ನ ಮಂಡಿಯನ್ನು ಕೇಳಿದ್ದು ಇದೇ ಮೊದಲು. ಆಮೇಲೆ ನಾಚಿಕೆಯೋ ನಗುವೋ ತಿಳಿಯದ ದನಿಯಲ್ಲಿ, "ಇವಳು ನಾನೇನಾ?" ಎಂದಳು.

"ನೋವಿದೆಯಾ?"

"ಏರಿನಲ್ಲಿ ಸ್ವಲ್ಪ. ಸೈಕಲ್ ಭಾರ ಅಂದ್ಕೊಂಡಿದ್ದೆ."

ನಿಧಾನಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ದಿನವೂ ನೋಡಿದ್ದನ್ನು ಆಗ ಕಂಡಳು. ಸೀಟು ಫ್ರೇಮಿಗೆ ಅಂಟಿಕೊಂಡಂತೆ ಕುಗ್ಗಿತ್ತು. ಪೆಡಲು ತೀರಾ ಕೆಳಗಿದ್ದಾಗಲೂ ಅಮ್ಮನ ಕಾಲು ಪೂರ್ತಿ ಚಾಚುತ್ತಿರಲಿಲ್ಲ. ಇಷ್ಟು ಎತ್ತರದ ಹೆಂಗಸು ಮಕ್ಕಳ ಸೈಕಲ್ ಹತ್ತಿದವಳಂತೆ ಕೂತಿದ್ದಳು. ಯಾರ ಸೈಕಲ್ ಬಂದರೂ ಮೊದಲು ಸೀಟಿನ ಎತ್ತರ ನೋಡುವವಳಿಗೆ ಅಮ್ಮನದು ಕಂಡಿರಲಿಲ್ಲ. ಅದು ಯಾವಾಗಲೂ ಹಾಗೇ ಇತ್ತಲ್ಲ.

"ಸೀಟನ್ನ ಇಷ್ಟು ಕೆಳಗೆ ಇಳಿಸಿದ್ದು ಯಾರು?"

ಅಮ್ಮ ಅಜ್ಜಿಯನ್ನು ನೋಡಿದಳು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಿಮ್ಮಪ್ಪ," ಎಂದಳು ಅಜ್ಜಿ. "ನಿಮ್ಮಮ್ಮ ನಿನ್ನನ್ನ ಮುಂದೆ ಕೂರಿಸ್ಕೊಂಡು ಹೊಡೀತಾಳೆ, ನಿಲ್ಲಿಸಿದಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಮಗು ಬೀಳಬಾರದು ಅಂತ ಇಳಿಸಿದ. ಇಳಿಸಿ ತಾನೇ ಬಿಗಿ ಮಾಡಿದ."

"ಆಮೇಲೆ?"

"ಆಮೇಲೇನು? ನೀನು ಇಳಿದೆ. ಸೀಟು ಏರಲಿಲ್ಲ."

ತಾನು ಎಂದೋ ಇಳಿದು ಹೋದ ಆ ಪುಟ್ಟ ಸೀಟಿನ ಜಾಗವನ್ನು ನಿಧಾನಿ ನೋಡಿದಳು. ಇಷ್ಟು ಕಾಲವೂ ಅಮ್ಮ ಅವಳನ್ನು ಅಲ್ಲೇ ಕೂರಿಸಿಕೊಂಡು ತುಳಿದಿದ್ದಳು. ಲೆಕ್ಕವಿಲ್ಲದಷ್ಟು ಸುತ್ತು, ಪ್ರತಿ ಸುತ್ತಿಗೂ ಮಂಡಿ ಒಂದಿಷ್ಟು ಹೆಚ್ಚಾಗಿ ಮಡಚಿಕೊಂಡು.

ಸೀಟಿನ ಕಂಬ ಕೊಳವೆಯ ಬಾಯಲ್ಲಿ ತುಕ್ಕು ಹಿಡಿದು ಫ್ರೇಮಿನ ಜೊತೆ ಒಂದಾಗಿತ್ತು. ಎಣ್ಣೆ ಕುಡಿಸಿ, ಕಾದು, ಮರದ ತುಂಡಿಟ್ಟು ಮೆಲ್ಲಗೆ ಬಡಿದು, ತಿರುಚಿ, ಮತ್ತೆ ಎಣ್ಣೆ ಕುಡಿಸಿದಳು. ಕೊನೆಗೆ ಅದು ನಿದ್ದೆಯಿಂದೆದ್ದವರ ಹಾಗೆ ನರಳಿ ಮೇಲೆ ಬಂತು. ಒಳಗಿನಿಂದ ಬಂದ ಭಾಗ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು.

ಹತ್ತಲು ಹೋದ ಅಮ್ಮ ಹಿಂಜರಿದಳು. "ಪಾದ ಪೂರ್ತಿ ನೆಲಕ್ಕೆ ಎಟುಕಲ್ವಲ್ಲೇ."

"ಬೆರಳು ಎಟುಕಿದ್ರೆ ಸಾಕಮ್ಮ. ಈಗ ಮುಂದೆ ಯಾರೂ ಇಲ್ಲ."

ಅಷ್ಟರಲ್ಲಿ ಗುಜರಿಯವನ ಗಾಡಿ ಬಾಗಿಲಿಗೆ ಬಂತು. "ಎಲ್ಲಮ್ಮಾ ಸೈಕಲ್ಲು?" ಎಂದ. ನಿಧಾನಿ ಅಮ್ಮನ ಮುಖ ನೋಡಿದಳು. ಅಮ್ಮ ಬೆಂಚಿನ ಮೇಲಿದ್ದ ಹಳೆಯ ಬಟ್ಟಲುಗಳನ್ನೂ ಸವೆದ ಅಚ್ಚನ್ನೂ ಎತ್ತಿ ಅವನ ಕೈಗೆ ಹಾಕಿದಳು.

"ಇಷ್ಟೇನಾ?"

"ಇಷ್ಟೇ ಕೆಟ್ಟಿದ್ದಿದ್ದು," ಎಂದಳು ಅಮ್ಮ. ಮಗಳ ಕಡೆ ತಿರುಗಿ, "ಮಂಡೀನ ಡಾಕ್ಟರಿಗೆ ತೋರಿಸ್ತೀನಿ. ಅದಕ್ಕೆ ಸ್ಪ್ಯಾನರ್ ಹಾಕ್ಬೇಡ ನೀನು," ಎಂದು ಸೈಕಲ್ ಹತ್ತಿದಳು.

ಮೊದಲ ಸುತ್ತಿಗೆ ಸೈಕಲ್ ಕೊಂಚ ವಾಲಾಡಿತು. ಎರಡನೆಯದಕ್ಕೆ ನೆಟ್ಟಗಾಯಿತು. ಅಮ್ಮನ ಕಾಲು ಉದ್ದಕ್ಕೆ ಚಾಚಿ ಇಳಿಯಿತು, ಬೆನ್ನು ನೇರವಾಯಿತು. ಅಮ್ಮ ಇಷ್ಟು ಎತ್ತರ ಎಂದು ಬೀದಿಗೇ ಗೊತ್ತಿರಲಿಲ್ಲವೇನೋ. ಅವಳು ತಿರುವಿನವರೆಗೆ ಹೋದಳು, ತಿರುಗಿ ಬರಲಿಲ್ಲ, ಏರಿನ ದಾರಿ ಹಿಡಿದಳು. ನಿಧಾನಿ ಕೈಯಲ್ಲಿ ಎಣ್ಣೆಬಟ್ಟೆ ಹಿಡಿದು, ಇಡೀ ಮೈಯನ್ನೇ ಕಿವಿಯಾಗಿಸಿಕೊಂಡು ನಿಂತಳು.

ಲೊಚ್.

ಅವಳು ಬೆಚ್ಚಿ ತಿರುಗಿದಳು. ಬೆಂಚಿನ ಮೇಲೆ ಅಜ್ಜಿ ಏರಿನತ್ತಲೇ ನೋಡುತ್ತಿದ್ದಳು.

"ಎಷ್ಟು ಚೆನ್ನಾಗಿ ಹೊಡೀತಾಳೆ ನೋಡೇ," ಎಂದು ಅಜ್ಜಿ ಮತ್ತೊಮ್ಮೆ ಲೊಚಗುಟ್ಟಿದಳು.